ಸೇತುವೆ ಬರಲಿ, ಸೈಕಲ್ಲಿಗೂ ಬರಲಿ

ಎರಡು ವರ್ಷದ ಹಿಂದೆ ಒಂದು ರಸ್ತೆ ಯೋಜನೆಯ ವರದಿಯ ಸಾರಾಂಶವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಸಿಕ್ಕಿತ್ತು. ಪದಕ್ಕೆ ಇಷ್ಟು ಎಂದು ದುಡ್ಡು, ನಾಲ್ಕು ದಿನದ ಗಡುವು. ಅದರಲ್ಲೊಂದು ಕಡೆ ‘ಸೈಡ್ ಫ್ರಿಕ್ಷನ್’ ಎಂಬ ಮಾತು ಬಂತು. ಹುಡುಕಿ ನೋಡಿದರೆ ಅದು ಸಂಚಾರ ಎಂಜಿನಿಯರುಗಳ ಪಾರಿಭಾಷಿಕ ಪದ. ರಸ್ತೆಯಂಚಿನಲ್ಲಿ ನಡೆಯುವವರು, ರಸ್ತೆ ದಾಟುವವರು, ಬಸ್ಸಿಗೆ ಕಾಯುವವರು, ಬುಟ್ಟಿ ಇಟ್ಟುಕೊಂಡು ಮೀನು ಮಾರುವವರು, ನಿಧಾನವಾಗಿ ಸಾಗುವ ಸೈಕಲ್ಲಿನವರು, ಇವರಿಂದೆಲ್ಲ ವಾಹನಗಳ ವೇಗಕ್ಕೆ ಆಗುವ ಅಡ್ಡಿಗೆ ಆ ಹೆಸರು. ನಾನು ‘ರಸ್ತೆಬದಿಯ ಜನರ ಓಡಾಟ’ ಎಂದು ಬರೆದೆ. ಪರಿಶೀಲಕರು ಅದನ್ನು ಹೊಡೆದುಹಾಕಿ ‘ಪಾರ್ಶ್ವ ಘರ್ಷಣೆ’ ಎಂದು ತಿದ್ದಿದರು. ಪದಕ್ಕೆ ಪದ ಇಟ್ಟು ನೋಡಿದರೆ ಅವರದೇ ಸರಿ. ದುಡ್ಡು ಬಂತು, ಸುಮ್ಮನಾದೆ.

ಆದರೆ ಆ ಪದ ಮಾತ್ರ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಘರ್ಷಣೆಯ ಆ ಪಟ್ಟಿಯಲ್ಲಿ ನಾನೂ ಇದ್ದೇನೆ. ಪ್ರತಿ ಚಳಿಗಾಲ ಮುಲುಂಡಿನ ಮನೆಯಿಂದ ಸೈಕಲ್ ಹೊರಗೆ ತೆಗೆದು ಕೊಂಕಣದ ಕಡಲಂಚಿನ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಡುವುದು ನನ್ನ ರೂಢಿ.

ಆ ರಸ್ತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮುಂಬಯಿಯ ಭಾವುಚಾ ಧಕ್ಕಾದಲ್ಲಿ ಸೈಕಲ್ ಸಮೇತ ರೋ-ರೋ ಹಡಗು ಹತ್ತಿದರೆ ಮಾಂಡ್ವಾದಲ್ಲಿ ಇಳಿಯಬಹುದು. ಅಲ್ಲಿಂದ ಅಲಿಬಾಗ್, ರೇವದಂಡಾ, ಕಾಶೀದ್, ಮುರುಡ್. ಅಗರದಾಂಡಾದಿಂದ ದಿಘಿಗೆ ರಾಜಪುರಿ ಖಾಡಿ ದಾಟಲು ಒಂದು ಫೆರ್ರಿ. ಶ್ರೀವರ್ಧನ, ಹರಿಹರೇಶ್ವರ ಕಳೆದರೆ ಬಾಗಮಾಂಡ್ಲಾದಿಂದ ವೇಶ್ವಿಗೆ, ಸಾವಿತ್ರಿ ನದಿಯ ಮೇಲೆ ಇನ್ನೊಂದು. ಹರ್ಣೈ ದಾಟಿ ದಾಭೋಳಕ್ಕೆ ಬಂದರೆ ವಾಸಿಷ್ಠಿ ನದಿ. ಫೆರ್ರಿ ಹಿಡಿದು ಧೋಪಾವೆ. ಗುಹಾಗರ, ಹೆದವಿ ಕಳೆದು ತವಸಾಳದಲ್ಲಿ ಮತ್ತೊಂದು; ಆಚೆ ಜಯಗಡ. ಆಮೇಲೆ ಗಣಪತಿಪುಳೆ, ರತ್ನಾಗಿರಿ, ದೇವಗಡ, ಮಾಲವಣ, ವೆಂಗುರ್ಲಾ, ಗೋವೆಯ ಗಡಿಯ ರೆಡ್ಡಿ. ನಮ್ಮ ಕಡೆ ಕಡವು ಎನ್ನುವುದಕ್ಕೆ ಇಲ್ಲಿಯ ಜನ ಜಂಗಲ್ ಜೆಟ್ಟಿ ಎನ್ನುತ್ತಾರೆ. ಕಾಡಿಗೂ ಅದಕ್ಕೂ ಏನೂ ಸಂಬಂಧ ಕಾಣದು. ಮಲಯಾಳದ ಜಂಗಾರ್ ಮಾತಿನ ನೆಂಟನಿರಬೇಕು ಎಂದು ನನ್ನ ಊಹೆ.

ಈ ರಸ್ತೆ ನಿಶ್ಶಬ್ದವಾಗಿರಲು ಕಾರಣ ಈ ಕಡವುಗಳೇ. ಗೋವೆಗೆ ಹೋಗುವ ಲಾರಿಗೆ, ರಾತ್ರಿ ಬಸ್ಸಿಗೆ ಫೆರ್ರಿಗೆ ಕಾಯುವ ಪುರುಸೊತ್ತಿಲ್ಲ. ಅವು ಒಳನಾಡಿನಲ್ಲಿ ಮಹಾಡ್, ಚಿಪಳೂಣದ ಮೇಲೆ ಹಾಯುವ ಹೆದ್ದಾರಿ 66 ಹಿಡಿಯುತ್ತವೆ. ಕಡಲಬದಿಯಲ್ಲಿ ಉಳಿಯುವುದು ಎಸ್‌ಟಿ ಬಸ್ಸು, ಮೀನಿನ ಟೆಂಪೋ, ಮಾವಿನ ಕಾಲದಲ್ಲಿ ಪೆಟ್ಟಿಗೆ ಹೊತ್ತ ಪಿಕಪ್ಪು, ಶಾಲೆಯ ಮಕ್ಕಳ ಸೈಕಲ್ಲು.

ಇದೀಗ ಬದಲಾಗಲಿದೆ. 1980ರ ದಶಕದ ಆರಂಭದಲ್ಲಿ ಮುಖ್ಯಮಂತ್ರಿಯಾಗಿದ್ದ ಎ. ಆರ್. ಅಂತುಲೆಯವರು ಕಂಡ ರೇವಸ್–ರೆಡ್ಡಿ ಸಾಗರಿ ಮಹಾಮಾರ್ಗದ ಕನಸನ್ನು ಮಹಾರಾಷ್ಟ್ರ ಸರ್ಕಾರ ಮತ್ತೆ ಕೈಗೆತ್ತಿಕೊಂಡಿದೆ. ಸುಮಾರು 500 ಕಿ.ಮೀ. ದಾರಿ, ದೊಡ್ಡ ಖಾಡಿಗಳ ಮೇಲೆಲ್ಲ ಸೇತುವೆ.

ನನ್ನ ಸೈಕಲ್ ಗೆಳೆಯರ ಗುಂಪಿನಲ್ಲಿ ಇದಕ್ಕೆ ಒಂದೇ ಪ್ರತಿಕ್ರಿಯೆ: ಹಾಳಾಯಿತು, ಇನ್ನೆರಡು ವರ್ಷದಲ್ಲಿ ನೋಡಿಬಿಡೋಣ. ಮೊದಲ ಜಗಳ ಇವರ ಜೊತೆಗೇ. ಕಳೆದ ಡಿಸೆಂಬರಿನಲ್ಲಿ ದಾಭೋಳದ ಫೆರ್ರಿಯಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆ ನಾನೂ ಇದೇ ರಾಗ ಹಾಡಿದೆ. ಸೇತುವೆ ಬಂದರೆ ಈ ಚಂದ ಎಲ್ಲ ಹೋಗುತ್ತದೆ ತಾಯಿ, ಎಂದೆ. ಆಕೆ ನನ್ನ ಹೆಲ್ಮೆಟ್ಟನ್ನೊಮ್ಮೆ ನೋಡಿ ಕೇಳಿದಳು: “ರಾತ್ರಿ ಕೊನೇ ಫೆರ್ರಿ ಹೋದ ಮೇಲೆ ಸೊಸೆಗೆ ಹೊಟ್ಟೆನೋವು ಬಂದರೆ ನಿನ್ನ ಸೈಕಲ್ ಮೇಲೆ ಕರಕೊಂಡು ಹೋಗ್ತೀಯಾ?” ಅಲ್ಲಿಂದ ಒಳಗೆ ಚಿಪಳೂಣದ ಕಡೆ ಸುತ್ತುಹಾಕುವ ದಾರಿ ಎಷ್ಟು ದೂರವೆಂದು ನನಗೆ ಗೊತ್ತಿತ್ತು. ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಆದ್ದರಿಂದ ಸೇತುವೆ ಬರಲಿ. ವರ್ಷಕ್ಕೆ ಒಂದು ವಾರ ಗಾಳಿ ಕುಡಿಯಲು ಬರುವ ನಮಗಾಗಿ ಆ ಊರುಗಳವರು ಆಸ್ಪತ್ರೆ ಬಿಟ್ಟುಕೊಡಬೇಕಾಗಿಲ್ಲ. ಪ್ರವಾಸದ ಕರಪತ್ರಗಳಲ್ಲಿ ‘ಅನ್‌ಟಚ್ಡ್’ ಕಡಲತೀರ ಎಂಬ ಮಾತು ಬಂದಾಗಲೆಲ್ಲ ಕನ್ನಡದಲ್ಲಿ ನನ್ನ ಕೈ ಕಟ್ಟುತ್ತದೆ. ಯಾರೂ ಮುಟ್ಟದ ತೀರ ಎಂದರೆ ಅಲ್ಲಿ ಬಲೆ ಎಳೆಯುವವರು, ಮೀನು ಒಣಹಾಕುವವರು ಯಾರೂ ಅಲ್ಲವೆಂದಾಯಿತು. ಗೆಳೆಯರು ‘ಹಾಳಾಯಿತು’ ಎನ್ನುವಾಗಲೂ ಅದೇ ಅರ್ಥ ಹೊರಡುತ್ತದೆ.

ನನ್ನ ಪ್ರಶ್ನೆ ಬೇರೆ. ಆ ಹೆಂಗಸು ಕಾರಿನಲ್ಲಿ ಬಂದಿರಲಿಲ್ಲ. ನಡೆದು ಬಂದು ಫೆರ್ರಿ ಹತ್ತಿದ್ದಳು, ಆಚೆ ದಡದಲ್ಲಿ ನಡೆದೇ ಹೋದಳು. ನಾಳೆ ಸೇತುವೆಯ ಮೇಲೆ ಆಕೆ ನಡೆಯಬಹುದೆ? ಆಕೆಯ ಮೊಮ್ಮಗ ಸೈಕಲ್ ಹೊಡೆದುಕೊಂಡು ಶಾಲೆಗೆ ಹೋಗಬಹುದೆ?

ಇದು ವಿಚಿತ್ರ ಪ್ರಶ್ನೆ ಅನ್ನಿಸಿದರೆ ಮುಂಬಯಿಯಲ್ಲಿರುವವರು ಸುತ್ತ ಕಣ್ಣಾಡಿಸಿ. 2009ರಲ್ಲಿ ತೆರೆದ ಬಾಂದ್ರಾ–ವರಳಿ ಸೀ ಲಿಂಕ್ ಮೇಲೆ ಸೈಕಲ್ಲಿಗೆ, ಬೈಕಿಗೆ, ನಡೆಯುವವರಿಗೆ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ಉದ್ಘಾಟನೆಯಾದ 21.8 ಕಿ.ಮೀ. ಉದ್ದದ ಅಟಲ್ ಸೇತುವಿನ ಮೇಲೆ ಬೈಕು, ಆಟೋ, ಟ್ರ್ಯಾಕ್ಟರು, ನಿಧಾನದ ವಾಹನ ಯಾವುದೂ ಹೋಗುವಂತಿಲ್ಲ. ಅದೇ ವರ್ಷ ತೆರೆದ ಕೋಸ್ಟಲ್ ರೋಡಿನಲ್ಲೂ ಸೈಕಲ್ಲಿಗೆ ಬೈಕಿಗೆ ನಿಷೇಧ. ಪಕ್ಕದಲ್ಲಿ ವಾಯುವಿಹಾರದ ಪಥ ಮಾಡಿದ್ದಾರೆ, ನಿಜ. ಅದರ ಮೇಲೆ ಸಂಜೆ ಸುತ್ತಾಡಬಹುದು. ಮನೆಯಿಂದ ಕೆಲಸಕ್ಕೆ ಹೋಗಿ ಮುಟ್ಟುವ ದಾರಿ ಅದಲ್ಲ. ಈ ರಾಜ್ಯ ಕಡಲ ಮೇಲೆ ಕಟ್ಟಿದ ಮೂರು ದೊಡ್ಡ ದಾರಿಗಳೂ ಹೀಗಿರುವಾಗ ಖಾಡಿಯ ಸೇತುವೆ ಬೇರೆಯಾಗುತ್ತದೆಂದು ನಾನು ಯಾವ ಧೈರ್ಯದ ಮೇಲೆ ನಂಬಲಿ? ಸೇತುವೆ ಬಂದಮೇಲೆ ಫೆರ್ರಿ ನಡೆಸುವವನು ನಾಲ್ಕು ಸೈಕಲ್ಲಿಗಾಗಿ ಎಂಜಿನ್ ಚಾಲೂ ಮಾಡುವುದಿಲ್ಲ. ಇವತ್ತು ಸೈಕಲ್ ಹೋಗುವ ದಾರಿಯಲ್ಲಿ ನಾಳೆ ಹೋಗದಂತೆ ಆಗುವುದಕ್ಕೆ ಅಭಿವೃದ್ಧಿ ಎಂದು ಹೆಸರಿಡಲು ನನಗಂತೂ ಬಾರದು.

ಎರಡನೇ ಜಗಳ ನಮ್ಮವರ ಜೊತೆ. ಕರಾವಳಿಯ ಹೊರನಾಡಿಗರು ಸೇರಿದಲ್ಲೆಲ್ಲ ಒಂದು ಪೈಪೋಟಿ ನಡೆಯುತ್ತದೆ: ಮುಂಬಯಿಯಿಂದ ಊರು ಎಷ್ಟು ಗಂಟೆ? ಭಾವ ಹದಿನಾರು ಅಂದರೆ ಮಾವ ಹದಿನಾಲ್ಕು ಅನ್ನುತ್ತಾರೆ. “ಅಲ್ಲ ಮಾರಾಯ, ಸೈಕಲ್ಲು ಹೊಡೆಯುವವರು ಎಷ್ಟು ಜನ ಇದ್ದಾರೆ? ಅದಕ್ಕೆ ರಸ್ತೆ ಬೇರೆ ಮಾಡಬೇಕಾ?” ಎಂಬುದು ಅವರ ಸವಾಲು. ಲೆಕ್ಕ ಹೇಳುತ್ತೇನೆ. 2011ರ ಜನಗಣತಿಯಲ್ಲಿ ದೇಶದ ಸುಮಾರು 45% ಮನೆಗಳಲ್ಲಿ ಸೈಕಲ್ಲಿತ್ತು. ಕಾರು, ಜೀಪು, ವ್ಯಾನು ಎಲ್ಲ ಸೇರಿ 5% ಮನೆಗಳಲ್ಲೂ ಇರಲಿಲ್ಲ. ಆಮೇಲೆ ಕಾರು ಹೆಚ್ಚಿರಬಹುದು; ಆದರೆ ಸೈಕಲ್ಲು ಎಂದರೆ ಬಿಗಿ ಚಡ್ಡಿಯ ಶೋಕಿಯವರು ಎಂಬ ಚಿತ್ರ ನಮ್ಮ ತಲೆಯೊಳಗಿನದು.

ರಸ್ತೆ ಕಟ್ಟುವವರ ಲೆಕ್ಕವೇ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಮಾರ್ಗಸೂಚಿಯಲ್ಲಿ ಪ್ರತಿ ವಾಹನವನ್ನೂ ಕಾರಿನ ಅಳತೆಯಲ್ಲಿ ಎಣಿಸುತ್ತಾರೆ. ಕಾರು 1, ಸೈಕಲ್ಲು 0.5, ಕೈಗಾಡಿ 3, ಎತ್ತಿನಗಾಡಿ 8. ಐವತ್ತು ಜನ ಕೂತ ಬಸ್ಸು 3, ಒಬ್ಬನೇ ಕೂತ ಕಾರು 1. ಯಾವುದು ರಸ್ತೆಯಲ್ಲಿ ಎಷ್ಟು ಜಾಗ ತಿನ್ನುತ್ತದೆ, ಎಷ್ಟು ತಡೆಯೊಡ್ಡುತ್ತದೆ ಎಂಬುದಷ್ಟೇ ಇದರ ಲೆಕ್ಕ. ಒಳಗೆ ಎಷ್ಟು ಜನ ಎಂದು ಕೇಳುವುದಿಲ್ಲ. ನಡೆದು ಹೋಗುವವರಿಗೆ ಆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಅವರು ಸಿಗುವುದು ಪಾರ್ಶ್ವ ಘರ್ಷಣೆಯ ಅಧ್ಯಾಯದಲ್ಲಿ.

ಈ ಲೆಕ್ಕದಲ್ಲಿ ಕಟ್ಟಿದ ರಸ್ತೆ ಹೇಗಿರುತ್ತದೆ ಎಂದು ತಿಳಿಯಲು ನಮ್ಮ ಊರಿಗೆ ಹೋದರೆ ಸಾಕು. ಕುಮಟೆಯ ಹತ್ತಿರ ನನ್ನ ಚಿಕ್ಕಮ್ಮನ ಮನೆಯ ಎದುರಿಗೇ ಕಿರಾಣಿ ಅಂಗಡಿ. ಹೆದ್ದಾರಿ 66 ನಾಲ್ಕು ಪಥವಾದ ಮೇಲೆ ಅಂಗಡಿಗೆ ಹೋಗಬೇಕೆಂದರೆ ಯೂ-ಟರ್ನ್ ಹುಡುಕಿಕೊಂಡು ಹೋಗಬೇಕು, ಇಲ್ಲವೇ ಡಿವೈಡರ್ ಹಾರಬೇಕು. ಎಪ್ಪತ್ತರ ಚಿಕ್ಕಮ್ಮ ಹಾರುವುದಿಲ್ಲ, ಅಂಗಡಿಯನ್ನೇ ಬಿಟ್ಟರು. ಸೈಕಲ್ಲಿನ ಹುಡುಗರು ಎದುರು ದಿಕ್ಕಿನಲ್ಲಿ ಅಂಚು ಹಿಡಿದು ಬರುತ್ತಾರೆ, ಕಾರಿನವರು ಬೈಯುತ್ತಾರೆ. ಅದೇ ಹೆದ್ದಾರಿಯಲ್ಲಿ ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿಯಿತು. ಸತ್ತವರಲ್ಲಿ ರಸ್ತೆಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಒಂದು ಕುಟುಂಬವೂ ಇತ್ತು. ಅಗಲದ ರಸ್ತೆಗಾಗಿ ಗುಡ್ಡದ ಬುಡ ಕಡಿದದ್ದನ್ನು ಆಗ ಎಲ್ಲರೂ ಬೊಟ್ಟು ಮಾಡಿ ತೋರಿಸಿದರು. ಊರಿಗೆ ಹದಿನಾಲ್ಕು ಗಂಟೆ ಎಂದು ಬೀಗುವಾಗ ಉಳಿಸಿದ ಎರಡು ಗಂಟೆಯನ್ನು ಊರಿನವರಿಂದಲೇ ಕಸಿದೆವೇನೋ ಎಂಬ ಅನುಮಾನ ನಮಗೆ ಒಮ್ಮೆಯಾದರೂ ಬರಬೇಕು.

ಹಾಗಾದರೆ ಏನು ಕೇಳಬೇಕು? ನನ್ನ ಪಟ್ಟಿ ಚಿಕ್ಕದು. ಖಾಡಿಯ ಪ್ರತಿ ಸೇತುವೆಗೂ ಕಂಬಿ ಹಾಕಿ ಬೇರ್ಪಡಿಸಿದ, ಸೈಕಲ್ಲು ಮತ್ತು ನಡೆಯುವವರ ಪಥ ಇರಲಿ. ಅದು ಈಗಲೇ ನಕ್ಷೆಯಲ್ಲಿರಬೇಕು. ಕಟ್ಟಿ ಮುಗಿದ ಸೇತುವೆಯನ್ನು ಆಮೇಲೆ ಅಗಲಿಸುವುದು ಹೇಳಿದಷ್ಟು ಸುಲಭವಲ್ಲ. ಅಂಥ ಪಥವಿಲ್ಲದ ಕಡೆ ಫೆರ್ರಿ ನಿಲ್ಲಬಾರದು. ಊರುಗಳ ನಡುವೆ ಹಾಯುವ ಈಗಿನ ರಸ್ತೆ ಎರಡೇ ಪಥದ್ದಾಗಿ ಉಳಿಯಲಿ, ಗುಂಡಿ ಮುಚ್ಚಿದರೆ ಸಾಕು. ಗೋವೆಗೆ ಅವಸರವಿರುವವರಿಗೆ ಒಳನಾಡಿನ ಹೆದ್ದಾರಿ ಇದ್ದೇ ಇದೆ. ಅದನ್ನು ಅಗಲ ಮಾಡುತ್ತಾ ಹದಿನೈದು ವರ್ಷದ ಹತ್ತಿರ ಬಂತು, ಮೊದಲು ಅದನ್ನು ಮುಗಿಸಲಿ. ಸಂಚಾರ ಎಣಿಸುವಾಗ ಕಾರಿನ ಅಳತೆಯ ಪಕ್ಕದಲ್ಲಿ ತಲೆಗಳನ್ನೂ ಎಣಿಸಲಿ.

ಇದರಲ್ಲಿ ನಿಶ್ಶಬ್ದ ಉಳಿಯುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಸ್ವಲ್ಪ ಹೋಗುತ್ತದೆ. ಆಂಬುಲೆನ್ಸಿನ ಸದ್ದಿಗೆ ಅಷ್ಟು ಬಿಟ್ಟುಕೊಡಲು ನಾನು ಸಿದ್ಧ. ಉಳಿದದ್ದನ್ನು ಬಿಡಲು ಸಿದ್ಧವಿಲ್ಲ.

ಆ ವರದಿಗೆ ಸಾರ್ವಜನಿಕ ಆಕ್ಷೇಪಣೆ ಕರೆಯುವ ದಿನ ಬಂದಾಗ ಹಳ್ಳಿಯ ಯಾರೋ ‘ಪಾರ್ಶ್ವ ಘರ್ಷಣೆಯನ್ನು ಕನಿಷ್ಠಗೊಳಿಸಲಾಗುವುದು’ ಎಂದು ಓದಿ, ಒಳ್ಳೆಯದೇ ಇರಬೇಕು ಎಂದು ತಲೆಯಾಡಿಸಿರಬಹುದು. ಅದು ತಮ್ಮದೇ ಹೆಸರೆಂದು ಅವರಿಗೆ ಗೊತ್ತಾಗದಂತೆ ಮಾಡಿದ ಕೆಲಸದಲ್ಲಿ ನನ್ನ ಪಾಲೂ ಇದೆ. ಇನ್ನು ಮುಂದೆ ಆ ಪದ ಬಂದರೆ ‘ರಸ್ತೆಬದಿಯ ಜನ’ ಎಂದೇ ಬರೆಯುತ್ತೇನೆ. ಹೊಡೆದುಹಾಕಿದರೆ ಮತ್ತೆ ಬರೆದು ಕಳಿಸುತ್ತೇನೆ.