ಕೋಟೆಯ ಕಲ್ಲಿಗೆ ಯಾವ ಕುಲ?

ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಮ್ಮೊಳಗೊಂದು ಅಳುಕು. ಓಬವ್ವನ ಕಿಂಡಿಯ ಬಳಿ ಕಥೆ ಹೇಳುವವರು 'ಹೈದರಾಲಿಯ ಸೈನಿಕರು' ಎಂದೊಡನೆ ಕೆಲವು ಕಣ್ಣುಗಳು ನಮ್ಮ ಮನೆಯ ಹೆಂಗಸರ ಬುರ್ಖಾದತ್ತ ಹೊರಳುತ್ತವೆ. ಆ ಒನಕೆಯ ಬಗ್ಗೆ ನಮಗೂ ಅಭಿಮಾನವಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

ನಡೆದದ್ದನ್ನು ಮುಚ್ಚಿಡಬೇಕೆಂದು ನಾವು ಹೇಳುತ್ತಿಲ್ಲ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ. ಮದಕರಿ ನಾಯಕರನ್ನು ಸೆರೆಹಿಡಿದ. ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅದು ಅನ್ಯಾಯವೇ. ನಾಯಕರ ಸೇನೆಯ ಮುಸ್ಲಿಂ ಸರದಾರರು ದ್ರೋಹ ಬಗೆದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಆ ಸಾಲನ್ನು ಎತ್ತಿ ತೋರಿಸುವವರು ಅದನ್ನು ಪೂರ್ತಿ ಓದಲಿ. ನಾಯಕರ ಸೇನೆಯಲ್ಲಿ ಮುಸ್ಲಿಂ ಸರದಾರರಿದ್ದರು ಎಂಬುದೂ ಅದರಲ್ಲೇ ಇದೆ! 1763ರ ಬಿದನೂರು ದಂಡಯಾತ್ರೆಯಲ್ಲಿ ದುರ್ಗದ ನಾಯಕರು ಹೈದರಾಲಿಯ ಕಡೆಗಿದ್ದರು. 1770ರಲ್ಲಿ ನಿಜಗಲ್ಲಿನಲ್ಲಿ ಅವನ ವಿರುದ್ಧ ಮರಾಠರ ಕಡೆಗಿದ್ದರು. ಇದು ರಾಜ್ಯದಾಸೆಯ ಲೆಕ್ಕಾಚಾರವೇ ಹೊರತು ಧರ್ಮಯುದ್ಧವಲ್ಲ.

ಬೇಕಾದರೆ ಕೋಟೆಯನ್ನೇ ಕೇಳೋಣ. ಬೆಮ್ಮತ್ತನಕಲ್ಲು ಎಂದು ಕರೆಸಿಕೊಳ್ಳುತ್ತಿದ್ದ ಈ ಬೆಟ್ಟದಲ್ಲಿ ಚಾಲುಕ್ಯರ, ಹೊಯ್ಸಳರ ಕಾಲದ ಕುರುಹುಗಳಿವೆ. ವಿಜಯನಗರದ ಸಾಮಂತರಾಗಿ ಬಂದ ನಾಯಕರು ತಲೆಮಾರುಗಳ ಕಾಲ ಕೋಟೆಯನ್ನು ಬೆಳೆಸಿದರು. 1779ರ ನಂತರ ಹೈದರಾಲಿಯೂ ಟಿಪ್ಪುವೂ ಅದನ್ನು ಕೆಡವಲಿಲ್ಲ, ಇನ್ನಷ್ಟು ಬಲಪಡಿಸಿದರು. ಏಳು ಸುತ್ತಿನ ಈ ಕೋಟೆ ಒಬ್ಬ ಅರಸನದೂ ಅಲ್ಲ, ಒಂದು ಮತದ್ದೂ ಅಲ್ಲ.

ಅದನ್ನು ಕಟ್ಟಿದವರ ಜಾಣ್ಮೆ ನೋಡಿ. ಆನೆಯಾಗಲಿ ದಂಡಾಗಲಿ ನೇರ ನುಗ್ಗದಂತೆ ದಾರಿಯನ್ನು ತಿರುವುಮುರುವು ಮಾಡಿ ಬಾಗಿಲುಗಳನ್ನಿಟ್ಟಿದ್ದಾರೆ. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ಮಳೆನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತದೆ. ಬರದ ಸೀಮೆಯಲ್ಲಿ ಹನಿ ನೀರೂ ವ್ಯರ್ಥವಾಗದ ಏರ್ಪಾಡಿದು. ಗಾರೆಯಿಲ್ಲದೆ ಕೂಡಿಸಿದ ಗೋಡೆಗಳು ಇಂದಿಗೂ ನಿಂತಿವೆ. ಬಂಡೆ ಸೀಳಲು ಉಳಿಯಿಂದ ತೋಡಿದ ಕುಳಿಗಳ ಸಾಲು ಅಳಿಸಿಲ್ಲ. ಅಷ್ಟೆಲ್ಲ ದುಡಿದ ಕಲ್ಲುಕುಟಿಗರಲ್ಲಿ ಒಬ್ಬನ ಹೆಸರಾದರೂ ನಮ್ಮ ಮಕ್ಕಳಿಗೆ ಗೊತ್ತೆ? ಅರಸರ ಮಣ್ಣಿನ ಅರಮನೆ ಕರಗಿ ಮೋಟುಗೋಡೆಯಾಗಿದೆ. ಹೆಸರಿಲ್ಲದವರ ಕೆಲಸ ಗಟ್ಟಿಯಾಗಿ ಉಳಿದಿದೆ.

ಮುತ್ತಿಗೆಯ ಕಥೆ ಬೇಡವೆನ್ನುವುದಿಲ್ಲ. ಓಬವ್ವನನ್ನಂತೂ ಮರೆಯಲೇಬಾರದು. ಆದರೆ ಕಾದಿದವರ ಕಥೆಯ ಜೊತೆಗೆ ಕಟ್ಟಿದವರ ಕಥೆಯನ್ನೂ ಹೇಳಿ ಎಂದಷ್ಟೇ ನಮ್ಮ ಒತ್ತಾಯ. ಆಗ ಆ ಕಿಂಡಿಯ ಮುಂದೆ ನಮ್ಮ ಮಕ್ಕಳೂ ತಲೆ ತಗ್ಗಿಸದೆ ನಿಂತಾರು. ಇದು ತಮ್ಮೂರಿನವರದೂ ಕೋಟೆ ಎಂದಾರು.