ಏರಿತೋ, ಏರಿಸಿದರೋ?

ಇಂಗ್ಲಿಷಿನ ರೈಝ್ ಮತ್ತು ರೇಝ್ ಎಂಬ ಎರಡು ಕ್ರಿಯಾಪದಗಳನ್ನು ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಸುವ ಕ್ರಮ ಸಾಲದು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ ಎಂದು ಹಲಗೆಯ ಮೇಲೆ ಬರೆದು, ರೂಪಗಳನ್ನು ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಮಕ್ಕಳು ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಾರೆ. ಮರುವರ್ಷ ಎರಡನ್ನೂ ಬೆರೆಸಿಬಿಡುತ್ತಾರೆ.

ಆದರೆ ಈ ಭೇದವನ್ನು ಕನ್ನಡದ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಲ್ಲದು. ಬಾವುಟ ಏರಿತು, ಮೇಷ್ಟ್ರು ಬಾವುಟ ಏರಿಸಿದರು ಎಂಬ ಎರಡು ಮಾತುಗಳನ್ನು ಅದು ಎಂದೂ ತಪ್ಪುವುದಿಲ್ಲ. ಸೂರ್ಯ, ಹೊಗೆ, ಹೊಳೆಯ ನೀರು ತಾವಾಗಿ ಏರುತ್ತವೆ, ಅಲ್ಲಿ ರೈಝ್. ಅದರ ಭೂತಕಾಲದ ರೂಪ ರೋಝ್. ಕೈ, ದನಿ, ಪ್ರಶ್ನೆ ಇವನ್ನು ಯಾರಾದರೂ ಎತ್ತಬೇಕು. ಅಲ್ಲಿ ರೇಝ್, ರೇಝ್ಡ್. ಮಕ್ಕಳನ್ನು ಸಾಕಿ ಬೆಳೆಸುವುದಕ್ಕೂ ಇದೇ ಪದ.

ನಾವು ಬಹುಪಾಲು ಧಾತುಗಳಿಗೆ 'ಇಸು' ಸೇರಿಸಿ ಪ್ರೇರಣಾರ್ಥಕ ರೂಪವನ್ನು ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿಯೂ ಇಂಥದೊಂದು ಪ್ರತ್ಯಯವಿತ್ತು. ಅದು ಅಳಿದುಹೋಗಿ, ಒಳಗಿನ ಸ್ವರದ ವ್ಯತ್ಯಾಸ ಮಾತ್ರ ಉಳಿಯಿತು. ಸಿಟ್ ಎಂದರೆ ಕೂರು, ಸೆಟ್ ಎಂದರೆ ಮೂಲತಃ ಕೂರಿಸು. ಲೈ ಎಂದರೆ ಮಲಗು, ಲೇ ಎಂದರೆ ಮಲಗಿಸು. ಫಾಲ್ ಎಂದರೆ ಬೀಳು, ಮರವನ್ನು ಬೀಳಿಸುವುದು ಫೆಲ್. ಹಳೆಯ ನಾರ್ಸ್ ಭಾಷೆಯಿಂದ ಬಂದ ರೇಝ್ ಕೂಡ ಇದೇ ಕುಲದ್ದು.

ಇದು ಬರಿಯ ವ್ಯಾಕರಣದ ಮಾತಲ್ಲ. 2025ರ ಜನವರಿ 5ರಿಂದ ನಮ್ಮ ರಾಜ್ಯದ ಸಾರಿಗೆ ನಿಗಮಗಳ ಬಸ್ ದರ ಶೇ. 15ರಷ್ಟು ಹೆಚ್ಚಾಯಿತು. 'ದರ ಏರಿತು' ಎಂದರೆ ಮಳೆಗಾಲದಲ್ಲಿ ಹೊಳೆ ಏರಿದಂತೆ, ಯಾರನ್ನೂ ಕೇಳುವಂತಿಲ್ಲ. 'ದರ ಏರಿಸಲಾಯಿತು' ಎಂದಾಗ, ಯಾರಿಂದ ಎಂಬ ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. 'ಸಚಿವ ಸಂಪುಟ ತೀರ್ಮಾನಿಸಿ ದರ ಏರಿಸಿತು' ಎಂದರೆ ವಾಕ್ಯ ಪೂರ್ಣವಾಗುತ್ತದೆ. ಏರಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ; ಡೀಸೆಲ್, ಸಂಬಳ ಮೊದಲಾದ ಕಾರಣಗಳನ್ನು ಅವರು ಹೇಳಬಹುದು. ಆದರೆ ಕಾರಣ ಕೇಳಬೇಕಾದರೆ ಮೊದಲು ಕರ್ತೃ ಕಾಣಬೇಕು. ಶಾಲೆಯ ಶುಲ್ಕ, ಮನೆಯ ಬಾಡಿಗೆ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವತಃ ಅಧ್ಯಾಪಕರು, ಕೆಲವರು ಪತ್ರಕರ್ತರು. ಅವರಲ್ಲಿ ನನ್ನದೊಂದು ವಿನಂತಿ: ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಕನ್ನಡವನ್ನು ತಡೆದು ನಿಲ್ಲಿಸಬೇಡಿ. ಸಕರ್ಮಕ, ಅಕರ್ಮಕ ಎಂಬ ಹೆಸರುಗಳನ್ನು ಆಮೇಲೆ ಹೇಳಿಕೊಡಬಹುದು. ಮೊದಲು ಮಗುವಿಗೆ ಒಂದೇ ಪ್ರಶ್ನೆ ಕೇಳಿ: ತಾನಾಗಿ ಏರಿತೋ, ಯಾರಾದರೂ ಏರಿಸಿದರೋ? ಆ ಪ್ರಶ್ನೆಯನ್ನು ಕಲಿತ ಮಗು ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತದೆ. ದೊಡ್ಡದಾದ ಮೇಲೆ ಪತ್ರಿಕೆಯನ್ನೂ ಎಚ್ಚರದಿಂದ ಓದುತ್ತದೆ.