ಒಂದು ಮನೆಗೆ ಎರಡು ಮಾಡು ಏತಕ್ಕೆ?

ಕೊನೆಕೊಯ್ಲು ಮುಗಿದು, ಅಡಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಸೇರುವ ಹೊತ್ತಿಗೆ ನಮ್ಮ ಸದಸ್ಯರ ಮನೆಗಳಲ್ಲಿ ಹೊಸ ಮನೆ ಕಟ್ಟಿಸುವ ಮಾತು ಏಳುವುದು ವಾಡಿಕೆ. ಸಾಲದ ವಿಚಾರ ಕೇಳಲು ಸಂಘದ ಕಚೇರಿಗೆ ಬರುವ ಹಲವರ ಕೈಯಲ್ಲಿ ಮನೆಯ ನಕ್ಷೆಯೂ ಇರುತ್ತದೆ. ಆ ನಕ್ಷೆಗಳನ್ನು ನೋಡಿದಾಗ ನಮಗೆ ತೋರಿದ ಕೆಲವು ಮಾತುಗಳನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇವೆ.

ಹೆಗ್ಗೋಡಿನಿಂದ ಯಾವ ದಿಕ್ಕಿಗೆ ಹೊರಟರೂ ಒಂದೇ ಬಗೆಯ ಹೊಸ ಮನೆಗಳು ಕಣ್ಣಿಗೆ ಬೀಳುತ್ತವೆ. ಕೆಳಗೆ ಚಪ್ಪಟೆ ಕಾಂಕ್ರೀಟು ತಾರಸಿ, ಅದರ ಮೇಲೆ ಕಬ್ಬಿಣದ ಕಂಬ, ಕಂಬದ ಮೇಲೆ ಬಣ್ಣದ ತಗಡು. ತಾರಸಿ ಹಾಕುವಾಗ ತಗಡಿನ ಯೋಚನೆ ಇರಲಿಲ್ಲ. ಎರಡು ಮಳೆಗಾಲ ಕಳೆದು, ಗೋಡೆಯ ಮೇಲೆ ನೀರಿನ ಕಲೆ ಮೂಡಿ, ಅಟ್ಟದಲ್ಲಿಟ್ಟ ಅಡಕೆಗೆ ಬೂಸಲು ಹತ್ತಿದ ಮೇಲೆ ತಗಡು ಬಂತು. ಒಂದು ಮನೆಗೆ ಎರಡು ಮಾಡಿನ ಖರ್ಚು. ಇದರಲ್ಲಿ ಮೇಸ್ತ್ರಿಯ ತಪ್ಪಿಗಿಂತ ನಕ್ಷೆಯ ತಪ್ಪೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಬಯಲುಸೀಮೆಗೆ ಬರೆದ ನಕ್ಷೆಯನ್ನು ಮಲೆನಾಡಿನಲ್ಲಿ ಕಟ್ಟಿದರೆ ಆಗುವುದು ಹೀಗೆಯೇ.

ಬೆಂಗಳೂರಿನ ವಾರ್ಷಿಕ ಮಳೆ 1000 ಮಿ.ಮೀ. ಆಸುಪಾಸು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಸರಾಸರಿ 7000 ಮಿ.ಮೀ. ದಾಟುತ್ತದೆ. ಸಾಗರ ಪೇಟೆಯಲ್ಲಿ ಅದರ ಅರ್ಧವೂ ಇಲ್ಲ, ನಿಜ. ಆದರೆ ಇಲ್ಲಿಯೂ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಲೆಕ್ಕ ಸುಲಭ: ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು. ಇಳಿಜಾರು ಮಾಡಿನಲ್ಲಿ ಅದು ನಿಲ್ಲದೆ ಹರಿದು ಹೋಗುತ್ತದೆ. ಚಪ್ಪಟೆ ತಾರಸಿಯಲ್ಲಿ ಒಂದಷ್ಟು ನಿಲ್ಲುತ್ತದೆ. ಏಪ್ರಿಲ್ ಬಿಸಿಲಿಗೆ ಹಿಗ್ಗಿದ ಕಾಂಕ್ರೀಟು ಮಳೆಗೆ ಕುಗ್ಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನಿಂತ ನೀರು ಅದರಲ್ಲಿ ಇಳಿದು ಸರಳು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುವುದರಿಂದ ತಳದ ಗಾರೆ ಚಕ್ಕೆಯಾಗಿ ಉದುರುತ್ತದೆ. ಆ ಹಂತದಲ್ಲಿ ಮೇಲೆ ಏನು ಬಳಿದರೂ ಅದು ಒಂದೆರಡು ವರ್ಷದ ಉಪಶಮನ ಮಾತ್ರ.

ಹಳಬರು ಈ ನೀರಿನ ಲೆಕ್ಕವನ್ನು ಬರೆದಿಡಲಿಲ್ಲ, ಕಟ್ಟಿ ತೋರಿಸಿದರು. ಕುಪ್ಪಳಿಯ ಕವಿಮನೆಯನ್ನು ನೋಡಿದವರಿಗೆ ಅದರ ಇಳಿಜಾರು ಹೆಂಚಿನ ಮಾಡು, ಚಾಚಿದ ಸೂರು ನೆನಪಿರಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆಯೂ ನಾಡಹೆಂಚೂ ಹಿಂದೆ ಸರಿದು ಮಂಗಳೂರು ಹೆಂಚು ನಮ್ಮ ಘಟ್ಟ ಹತ್ತಿತು. ಹೊದಿಕೆ ಬದಲಾಯಿತೇ ಹೊರತು ಇಳಿಜಾರು ಬದಲಾಗಲಿಲ್ಲ.

ಹಾಗಾದರೆ ಜನ ಹೆಂಚು ಬಿಟ್ಟದ್ದೇಕೆ? ಕಾರಣಗಳು ಹಗುರವಾದವಲ್ಲ. ಮಂಗ ಹೆಂಚು ಒಡೆಯುತ್ತದೆ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವ ಆಳು ಸಿಗುವುದಿಲ್ಲ. ಪಕಾಸು, ರೀಪಿಗೆ ಒಳ್ಳೆಯ ಮರ ದುಬಾರಿ. ಸೊಪ್ಪಿನ ಬೆಟ್ಟದ ಮರ ನಮ್ಮದಲ್ಲ. ಸ್ವಂತ ಜಮೀನಿನ ಮರವಾದರೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಗಳಿಗೆ ಅನುಮತಿ ಬೇಕು. ಆದ್ದರಿಂದ ಎಲ್ಲರೂ ಅಜ್ಜನ ಮನೆಯನ್ನೇ ಮತ್ತೆ ಕಟ್ಟಿರೆಂದು ನಾವು ಹೇಳುತ್ತಿಲ್ಲ. ಮೊದಲು ಮಾಡು ಯಾವುದೆಂದು ನಿಶ್ಚಯಿಸಿ, ಆಮೇಲೆ ಗೋಡೆಯ ನಕ್ಷೆ ಬರೆಯಿಸಿ ಎಂಬುದಷ್ಟೇ ನಮ್ಮ ವಾದ. ನಮಗೆ ಕಾಣುವ ದಾರಿಗಳು ಮೂರು.

ಮೊದಲನೆಯದು, ಮರದ ಬದಲು ಕಬ್ಬಿಣದ ಪೈಪಿನ ಚೌಕಟ್ಟಿನ ಮೇಲೆ ಹೆಂಚು. ಆರಡಿ ಅಡ್ಡಕ್ಕೆ ಮೂರೂವರೆ ಅಡಿಯಷ್ಟು ಏರು ಇರಲಿ. ನೂರು ಚದರ ಅಡಿಗೆ ಸುಮಾರು 150 ಹೆಂಚು ಬೇಕು. ಮಂಗನ ಕಾಟವಿದ್ದಲ್ಲಿ ಹೆಂಚಿನ ಕೆಳಗೆ ತಗಡು ಹಾಸಿದರೆ ಒಂದೆರಡು ಹೆಂಚು ಒಡೆದರೂ ಒಳಗೆ ನೀರು ಬೀಳದು.

ಎರಡನೆಯದು, ಕಾಂಕ್ರೀಟನ್ನೇ ಇಳಿಜಾರಾಗಿ ಹಾಕಿ ಮೇಲೆ ಹೆಂಚು ಹೊದಿಸುವುದು. ಕೇರಳದಲ್ಲಿ ಬಹುಕಾಲ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಸರಳುಗಳ ನಡುವಿನ ಚೌಕಗಳಲ್ಲಿ ಹಳೆಯ ಮಂಗಳೂರು ಹೆಂಚು ಇಟ್ಟು ಕಾಂಕ್ರೀಟು ಸುರಿಯುವ ಕ್ರಮವನ್ನು ಜನಪ್ರಿಯಗೊಳಿಸಿದರು. ಚಪ್ಪಡಿಯ ತಳಭಾಗದಲ್ಲಿ ಎಳೆತವನ್ನು ತಡೆಯುವುದು ಸರಳು. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗವನ್ನು ಹೆಂಚು ತುಂಬಿದರೆ ಸಿಮೆಂಟು ಉಳಿಯುತ್ತದೆ, ಭಾರವೂ ತಗ್ಗುತ್ತದೆ. ಹಳೆಯ ಮನೆ ಕಳಚುವವರು ಹೆಂಚನ್ನು ಗುಜರಿಗೆ ಹಾಕುವ ಮುನ್ನ ಇದನ್ನು ಬಲ್ಲ ಎಂಜಿನಿಯರನ್ನು ಕೇಳುವುದು ಒಳ್ಳೆಯದು.

ಮೂರನೆಯದು, ಅಡಕೆ ಒಣಗಿಸಲೆಂದೇ ತಾರಸಿ. ಅಂಗಳದಲ್ಲಿ ಚಪ್ಪರ ಹಾಕಲು ಆಳಿಲ್ಲದ ಕಾಲದಲ್ಲಿ, ಬೇಯಿಸಿದ ಅಡಕೆಯನ್ನೂ ಕಾಫಿಯನ್ನೂ ಮೇಲೆ ಹರಡುತ್ತೇವೆಂಬ ಸದಸ್ಯರ ಮಾತು ನ್ಯಾಯವಾದದ್ದೇ. ಹಾಗಿದ್ದರೆ ಅದು ಮಾಡಲ್ಲ, ಕಣ. ಕಣವೆಂದೇ ಲೆಕ್ಕ ಹಾಕಿ ಕಟ್ಟಿ. ತಗಡಿನ ಕಂಬ ನಿಲ್ಲಿಸುವ ಬೋಲ್ಟುಗಳನ್ನು ಕಾಂಕ್ರೀಟು ಸುರಿಯುವ ದಿನವೇ ಹೂಳಿ; ಆಮೇಲೆ ತೂತು ಕೊರೆದರೆ ಅದೇ ನೀರಿಗೆ ದಾರಿ. ಚೀಲ ಹೊತ್ತು ಹತ್ತುವವರ ಮೆಟ್ಟಿಲು ಅಗಲವಿರಲಿ. ಅಡಕೆ ಚೀಲ ಮೇಲೆ ದಾಸ್ತಾನಿಡುವುದಾದರೆ ಎಂಜಿನಿಯರಿಗೆ ಮೊದಲೇ ತಿಳಿಸಿ, ಚೀಲಗಳನ್ನು ಗೋಡೆಯ ನೇರಕ್ಕೆ ಒಟ್ಟಿ, ನಡುವೆ ಬೇಡ.

ಮಾಡಿನಷ್ಟೇ ಮುಖ್ಯವಾದದ್ದು ಜಾಗ. ಸಾಧ್ಯವಾದರೆ ಒಂದು ಮಳೆಗಾಲ ಕಾಯಿರಿ. ಜುಲೈ ತಿಂಗಳ ಜೋರು ಮಳೆಯಲ್ಲಿ ಕೊಡೆ ಹಿಡಿದು ಆ ಜಾಗದಲ್ಲಿ ಒಂದು ಗಂಟೆ ನಿಂತರೆ ನೀರು ಎಲ್ಲಿಂದ ಬಂತು, ಎಲ್ಲಿ ಜಿನುಗಿತು, ಎರಚಲು ಯಾವ ಕಡೆಯದು ಎಂಬುದು ತಾನೇ ತಿಳಿಯುತ್ತದೆ. ನಮ್ಮಲ್ಲಿ ಎರಚಲು ಹೆಚ್ಚಾಗಿ ನೈಋತ್ಯದಿಂದ. ಹಿಂದೆ ಆ ಬದಿಯ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಇಂದು ಅಲ್ಲೊಂದು ಜಗುಲಿ, ಇಲ್ಲವೆ ಮೂರಡಿ ಸೂರು ಇರಲಿ. ಪಂಚಾಂಗ ಅಂಗಳದಿಂದ ಎರಡಡಿಗೆ ಕಡಿಮೆ ಬೇಡ.

ಗುಡ್ಡ ಕಡಿದು ಜಾಗ ಮಾಡುವವರಿಗೆ ಒಂದು ಎಚ್ಚರಿಕೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಕುಸಿದ ಗುಡ್ಡಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಲ್ಲಿ ಮನೆ ಕಳೆದುಕೊಂಡವರಲ್ಲಿ ನಮ್ಮಂತಹ ಬೆಳೆಗಾರರೂ ಇದ್ದರು. ನೆಟ್ಟಗೆ ಕಡಿದ ಧರೆಯ ಬುಡಕ್ಕೆ ಹಿಂಗೋಡೆ ತಾಗಿಸುವುದು ಅಪಾಯವನ್ನು ಮನೆಗೆ ಕರೆದಂತೆ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಮನೆಯಿರಲಿ. ಧರೆಯನ್ನು ಓರೆಯಾಗಿ ಕಡಿಸಿ, ತಲೆಯ ಮೇಲೊಂದು ಅಗಳು ತೆಗೆಸಿ ನೀರನ್ನು ಬದಿಗೆ ತಿರುಗಿಸಿ.

ಕಾಲದ ಲೆಕ್ಕವೂ ಮುಖ್ಯ. ಜಂಬಿಟ್ಟಿಗೆ ಕಲ್ಲು ನೆಲದಿಂದ ಕಡಿದಾಗ ಮೃದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಹಿಂದಿನ ವರ್ಷವೇ ಕಡಿಸಿಟ್ಟರೆ ಒಳ್ಳೆಯದು. ಬಿಳಿ ಜೇಡಿ ಇರುವ ಕಲ್ಲನ್ನು ಅಲ್ಲಿಯೇ ಬಿಡಿ. ಕೊನೆಕೊಯ್ಲು ಮುಗಿಯದೆ ಊರಿನಲ್ಲಿ ಆಳು ಸಿಗದು. ಆದ್ದರಿಂದ ಜನವರಿಯಲ್ಲಿ ಪಾಯ, ಏಪ್ರಿಲ್ ಮುಗಿಯುವುದರೊಳಗೆ ಮಾಡು. ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ನೀರುಣಿಸಲೇಬೇಕು. ಬೇಸಗೆಯಲ್ಲಿ ಬಾವಿ ಬತ್ತುವವರು ಇದನ್ನು ಮೊದಲೇ ಯೋಚಿಸಲಿ.

ಇನ್ನು ಹಣದ ಮಾತು. 2014ರಲ್ಲಿ ಅಡಕೆಯ ಧಾರಣೆ ಏರಿದ್ದೂ ಮುಂದಿನ ವರ್ಷಗಳಲ್ಲಿ ಇಳಿದದ್ದೂ ಯಾರಿಗೂ ಮರೆತಿಲ್ಲ. ಏರಿದ ವರ್ಷದ ಲೆಕ್ಕದಲ್ಲಿ ಕಟ್ಟಿದ ಮನೆಯ ಕಂತನ್ನು ಇಳಿದ ವರ್ಷದ ಅಡಕೆ ತೀರಿಸಬೇಕಾಯಿತು. ಧಾರಣೆ ನಿಂತರೂ ಬೆಳೆ ನಿಲ್ಲುತ್ತದೆಂಬ ಧೈರ್ಯವನ್ನು ಕೊಳೆಯ ಜೊತೆಗೆ ಈಗ ಎಲೆಚುಕ್ಕೆ ರೋಗವೂ ಕಸಿದಿದೆ. ಕಳೆದ ಐದು ವರ್ಷಗಳ ಪೈಕಿ ಅತಿ ಕಡಿಮೆ ಆದಾಯದ ವರ್ಷವನ್ನು ಆರಿಸಿ, ಆ ವರ್ಷದಲ್ಲಿ ಕಟ್ಟಬಹುದಾಗಿದ್ದ ಕಂತಿಗಿಂತ ಹೆಚ್ಚಿನ ಸಾಲ ಮಾಡಬೇಡಿರೆಂದು ನಮ್ಮ ವಿನಂತಿ. ತೋಟಕ್ಕೆ ಹಾಕಬೇಕಾದ ಗೊಬ್ಬರದ ಹಣ ಮನೆಯ ಬಣ್ಣಕ್ಕೆ ಹೋದರೆ, ಬಣ್ಣ ಮಾಸುವ ಮೊದಲೇ ತೋಟ ಸೊರಗುತ್ತದೆ.

ಕೊನೆಯದಾಗಿ, ಮನೆ ಯಾರಿಗಾಗಿ? ನಾವು ನೋಡುವ ನಕ್ಷೆಗಳಲ್ಲಿ ಮಹಡಿಯ ಮೇಲೆ ಮಕ್ಕಳಿಗೆಂದು ಎರಡು ಕೋಣೆ ಇರುತ್ತವೆ. ಮಕ್ಕಳು ಬೆಂಗಳೂರಿನಿಂದಲೋ ಹೊರದೇಶದಿಂದಲೋ ದೀಪಾವಳಿಗೆ ಬಂದು ಮೂರು ದಿನ ಇದ್ದು ಹೋಗುತ್ತಾರೆ. ಉಳಿದ ದಿನಗಳಲ್ಲಿ ಆ ಮನೆಯಲ್ಲಿರುವವರು ಮೊಣಕಾಲು ನೋವಿನ ಇಬ್ಬರು. ಅವರ ಮಲಗುವ ಕೋಣೆ ಕೆಳಗಿದೆಯೇ, ರಾತ್ರಿ ಬಚ್ಚಲಿಗೆ ಹೋಗುವಾಗ ಮೆಟ್ಟಿಲು ಇಳಿಯಬೇಕೇ, ನೆಲ ಜಾರುತ್ತದೆಯೇ ಎಂದು ಮೊದಲು ನೋಡಿ. ಅಡಿಗೆಮನೆ, ಜಗುಲಿ, ಎರಡು ಕೋಣೆ, ಬಚ್ಚಲು ಮೊದಲು ಆಗಲಿ. ಮಗ ಊರಿಗೆ ಮರಳುತ್ತೇನೆಂದಾಗ ಮುಂದಿನ ಕೋಣೆ ಏಳಲಿ. ಅದಕ್ಕೆ ಪಾಯವನ್ನು ಈಗಲೇ ಬಿಟ್ಟುಕೊಂಡರೆ ಸಾಕು.

ನಮ್ಮಂತಹ ಸಂಘಗಳು ಗೊಬ್ಬರ, ಮೈಲುತುತ್ತದ ವಿಚಾರದಲ್ಲಿ ಸದಸ್ಯರಿಗೆ ಸಲಹೆ ಕೊಡುತ್ತವೆ. ಜೀವಮಾನದ ಅತಿ ದೊಡ್ಡ ಖರ್ಚಿನ ವಿಚಾರದಲ್ಲಿ ಮಾತ್ರ ಸಾಲ ಕೊಟ್ಟು ಸುಮ್ಮನಾಗುತ್ತವೆ. ಮಲೆನಾಡಿನ ಮಳೆ ಬಲ್ಲ ಎಂಜಿನಿಯರರಿಂದ ಮೂರು ಅಳತೆಯ ಮಾದರಿ ನಕ್ಷೆಗಳನ್ನು ಬರೆಯಿಸಿ ಸಂಘದ ಕಚೇರಿಯಲ್ಲಿ ಇಡಬೇಕೆಂಬ ಸಲಹೆಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ. ಈಗಾಗಲೇ ಮನೆ ಕಟ್ಟಿಸಿದ ಸದಸ್ಯರು ತಮ್ಮ ಮಾಡು ಎಷ್ಟನೆಯ ಮಳೆಗೆ ಸೋರಿತು, ಎರಡನೆಯ ಮಾಡಿಗೆ ಎಷ್ಟು ಖರ್ಚಾಯಿತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ, ನಕ್ಷೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇರಲಾರದು.